ಸೊನ್ನಿಕ್ ನೇರ ಮಾಡಿದ ಹಡಗು

ಸೊನ್ನಿಕ್‌ಗೆ ಅಸಹ್ಯವಾಗದ ವಸ್ತು ಫ್ಯಾನೋ ದ್ವೀಪದಲ್ಲಿ ಇರಲಿಲ್ಲ. ಮೋಟಾರು ದೋಣಿ ಅಸಹ್ಯ, ಬೆಣ್ಣೆಯ ಬದಲು ಬಂದ ಮಾರ್ಗರೀನ್ ಅಸಹ್ಯ, ಅಂಗಡಿಯ ಕಾಲುಚೀಲ ಅಸಹ್ಯ. ಹದಿನಾಲ್ಕಕ್ಕೆ ಸಮುದ್ರ ಸೇರಿ ನಲವತ್ತು ವರ್ಷ ಹಾಯಿಹಡಗುಗಳಿಗೆ ಹಗ್ಗ ಕಟ್ಟಿದ್ದವನು. ಎಪ್ಪತ್ತೊಂದರಲ್ಲೂ ಎದುರು ಸಿಕ್ಕವರ ಬೂಟಿನ ಗಂಟು ನೋಡಿಯೇ ಯೋಗ್ಯತೆ ಅಳೆಯುತ್ತಿದ್ದ. ಹೊಗೆಸೊಪ್ಪು ಜಗಿದು ತಗಡಿನ ಡಬ್ಬಿಗೆ ಉಗಿದರೆ ಅದೇ ತೀರ್ಪು.

ಚರ್ಚಿನ ಕಡೆ ತಲೆ ಹಾಕದ ಅಂಥವನ ಅಡುಗೆಮನೆಯ ಮೇಜಿಗೆ ಆ ವಸಂತದಲ್ಲಿ ಚರ್ಚಿನ ಹಡಗು ಬಂತು: ಚಾವಣಿಗೆ ತೂಗುಹಾಕಿದ್ದ, ಎರಡು ಮೊಳ ಉದ್ದದ ಮರದ ಮಾದರಿ, ಹೆಸರು 'ಹೋಬೆಟ್'. ಪೆಂತೆಕೋಸ್ತ್ ಹಬ್ಬದೊಳಗೆ ಸರಿಯಾಗಬೇಕೆಂದು ಹೊಸ ಪಾದ್ರಿ ಹೇಳಿದ. ಈ ಕೆಲಸ ಬಲ್ಲವನು ದ್ವೀಪದಲ್ಲಿ ಇವನೊಬ್ಬನೇ ಉಳಿದಿದ್ದ. ಕೈ ನಡುಗಲು ಶುರುವಾಗಿತ್ತು. ಇದೇ ಕೊನೆಯದು, ನೋಡಿದವರು ತಲೆದೂಗಬೇಕು ಎಂದುಕೊಂಡ.

ಹತ್ತಿರಕ್ಕೆ ಎಳೆದುಕೊಂಡು ನೋಡಿದ. ಗಂಜಿಯಷ್ಟು ದಪ್ಪಗೆ ಬಳಿದ ಬಣ್ಣ, ಅದರಲ್ಲಿ ಅಂಟಿ ಸತ್ತ ನೊಣಗಳು. ಹಗ್ಗದ ಜಾಗದಲ್ಲಿ ಮೀನು ಹಿಡಿಯುವ ನೈಲಾನು. ಒಳಗೆಲ್ಲ ಇಲಿ ಹಿಕ್ಕೆ.

"ಯಾವ ಹಂದಿ ರಿಪೇರಿ ಮಾಡಿದ್ದು ಇದನ್ನ?"

"ಚರ್ಚಿನ ಗಂಟೆ ಬಾರಿಸ್ತಿದ್ನಂತಲ್ಲ, ಆ ಲೌರಿಟ್ಸ್. ತೀರ್ಕೊಂಡು ಆರು ವರ್ಷ ಆಯ್ತಂತೆ" ಎಂದ ಪಾದ್ರಿ.

"ಪುಣ್ಯವಂತ. ಬದುಕಿದ್ದಿದ್ರೆ ಇದೇ ಬಣ್ಣ ಕುಡಿಸ್ತಿದ್ದೆ."

ಆರು ವಾರ ಲೌರಿಟ್ಸನ ಅಪ್ಪ, ಅಜ್ಜ ಯಾರನ್ನೂ ಬಿಡದೆ ಬೈಯುತ್ತ ಕೆರೆದ, ತೊಳೆದ, ಹೊಸ ಸೆಣಬಿನ ದಾರ ಹೊಸೆದು ಕಟ್ಟಿದ. ಕೊನೆಗೆ ಹಾಯಿ ಕಟ್ಟುವ ಅಡ್ಡಮರಗಳು ಉಳಿದವು. ಮುಂದಿನ ಕಂಬದವು ಎಡಕ್ಕೆ ವಾಲಿದ್ದವು, ಹಿಂದಿನ ಕಂಬದವು ಬಲಕ್ಕೆ. "ಕಣ್ಣೂ ವಾರೆ ಇತ್ತೇನೋ ಮುಂಡೇದಕ್ಕೆ" ಎಂದು ಉಗಿದ. ಅವನ್ನು ಹಿಡಿದಿದ್ದದ್ದು ಟಾರು ಹಚ್ಚಿದ ಹಳೆಯ ದಾರ. ಗಂಟು ಮಾತ್ರ ಅಚ್ಚುಕಟ್ಟು. ಮಂಗನ ಕೈಗೆ ಈ ಮಾಣಿಕ್ಯ ಎಲ್ಲಿಂದ ಬಂತು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಸಿಟ್ಟಿಗೆ ಕಣ್ಣಿಲ್ಲ. ಕತ್ತರಿಸಿ ಒಲೆಗೆ ಹಾಕಿ, ಅಡ್ಡಮರಗಳನ್ನು ನೂಲು ಹಿಡಿದಂತೆ ನೇರ ನಿಲ್ಲಿಸಿದ.

ಹಬ್ಬದ ದಿನ ಮೂತಿ ಬಲಿಪೀಠದ ಕಡೆಗಿರುವಂತೆ ಹಡಗು ಮತ್ತೆ ಮೇಲೇರಿತು. ಪ್ರಾರ್ಥನೆ ಮುಗಿದ ಮೇಲೆ ಜನ ಅವನ ಕೈ ಕುಲುಕುತ್ತಿದ್ದಾಗ, ಎಂಬತ್ನಾಲ್ಕರ ಅಬೆಲೋನೆ ಕೋಲೂರಿಕೊಂಡು ಬಂದಳು. ಮುದುಕಿಯ ಮುಖ ಕೆಂಪೇರಿತ್ತು.

"ಸೊನ್ನಿಕ್, ಎಲ್ಲಿ ಸಿಕ್ಕಿದ್ನಪ್ಪಾ? ಯಾವ ದಡದಲ್ಲಿ?"

"ಯಾರಕ್ಕಾ?"

"ನನ್ ಮಥಿಯಾಸ್! ಅವನಿದ್ದ ನಿಜವಾದ ಹೋಬೆಟ್ ಮುಳುಗಿದಾಗ ನಮ್ಮಪ್ಪನೇ ಈ ಹಡಗು ಮಾಡಿ, ಅಡ್ಡಮರ ವಾರೆ ಕಟ್ಟಿ ತೂಗಾಕಿದ್ದು. 'ಅಳಿಯನ ಹೆಣ ಸಿಕ್ಕಿ ಮಣ್ಣಾಗೋವರ್ಗೂ ಯಾರೂ ನೇರ ಮಾಡ್ಬೇಡಿ' ಅಂದಿದ್ದ. ಅರವತ್ತೊಂದು ವರ್ಷ ಆಯ್ತು. ಈಗ ನೇರ ಆಗಿದೆ. ಹೇಳೋ, ಎಲ್ಲಿ ಸಿಕ್ದ?"

ಸೊನ್ನಿಕ್ ತಲೆಯೆತ್ತಿ ಅಡ್ಡಮರಗಳನ್ನು ನೋಡಿದ. ಹಡಗಿನಲ್ಲಿ ಸಾವಾದರೆ ಅಡ್ಡಮರ ವಾರೆ ಮಾಡುವುದು ಸೂತಕದ ಗುರುತು. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ವಾಲ್ಪರೈಸೊ ಬಂದರಿನಲ್ಲಿ ಕಪ್ತಾನ ಸತ್ತಾಗ ತಾನೇ ಕಂಬ ಹತ್ತಿ ವಾರೆ ಕಟ್ಟಿದ್ದ, ಅಳುತ್ತ ಕಟ್ಟಿದ್ದ.

"ಸಿಕ್ಕಿಲ್ಲಕ್ಕಾ. ನಾನೇ... ಹಾಳು ಕೆಲಸ ಅಂದ್ಕೊಂಡು ನೇರ ಮಾಡ್ಬಿಟ್ಟೆ."

ಅವಳ ಮುಖದ ಕೆಂಪು ಇಳಿದುಹೋಯಿತು. ಹತ್ತಿರದ ಬೆಂಚಿನಲ್ಲಿ ಕುಸಿದು ಕುಳಿತಳು.

ಜನ ಕಾಫಿಗೆ ಹೋದ ಮೇಲೆ ಅವನು ಏಣಿ ತಂದು ಹತ್ತಿದ. ಅವಳು ಕೆಳಗಿನಿಂದ ಕೋಲು ತೋರಿಸಿ ಹೇಳಿದಳು.

"ಇನ್ನೂ ಎಡಕ್ಕೆ. ಇನ್ನೂ. ಅಷ್ಟಲ್ಲ ಕಣೋ! ನೆಟ್ಟಗೆ ವಾರೆ ಮಾಡೋಕೂ ಬರಲ್ವಾ ನಿಂಗೆ?"

ತನ್ನದೇ ಕೆಲಸವನ್ನು ತಾನೇ ಬಿಚ್ಚಿ, ಮತ್ತೆ ಕಟ್ಟಿದ.

"ನಮ್ಮಪ್ಪ ಹಾಕಿದ್ ಗಂಟು?"

"ಒಲೆಗೆ ಹಾಕ್ದೆ."

ಅವಳು ಎತ್ತಿದ್ದ ಕೋಲನ್ನು ಕೆಳಗಿಳಿಸಿದಳು.

"ಲೌರಿಟ್ಸ್ ಅಸಹ್ಯವಾಗಿ ಬಣ್ಣ ಬಳಿದ, ನಿಜ. ಆದ್ರೆ ಬ್ರಶ್ ಹಿಡ್ಕೊಂಡು ಮೊದ್ಲು ನಮ್ಮನೆಗೆ ಬಂದು ಕೇಳ್ಕೊಂಡು ಹೋದ. ಆ ಗಂಟು ಮುಟ್ಟಲಿಲ್ಲ."

ಏಣಿಯ ಮೇಲೆ ಸೊನ್ನಿಕ್‌ನ ಬಾಯಲ್ಲಿ ಹೊಗೆಸೊಪ್ಪಿನ ಕಹಿ ರಸ ತುಂಬಿತ್ತು. ಡಬ್ಬಿ ಮನೆಯಲ್ಲಿತ್ತು. ಅವನು ನುಂಗಿಕೊಂಡ.