ಮಾಣಿಯಲ್ಲಿ ಐನೂರು, ಮೂಡುಬಿದಿರೆಯಲ್ಲಿ ಏಳುನೂರು

ಬೆಳಿಗ್ಗೆ ಮಾಣಿಯಲ್ಲಿ ಬಸ್ಸು ಹತ್ತುವಾಗಲೇ ಕಂಡಕ್ಟರನಿಗೆ ಹೇಳಿಬಿಟ್ಟೆ, ನನ್ನ ಮೊಮ್ಮಗಳು ಇವತ್ತು ಮೂಡುಬಿದಿರೆಯ ಕಾಲೇಜಿನ ದೊಡ್ಡ ಸಭೆಯಲ್ಲಿ ಮಾತಾಡ್ತಾಳೆ ಅಂತ. ಅವನೇನೂ ವಿಚಾರಿಸಿರಲಿಲ್ಲ. ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟು, "ಸರಿ ಅಜ್ಜಿ, ಸ್ವಲ್ಪ ಒಳಗೆ ಹೋಗಿ" ಅಂದ. ಕೂತ ಮೇಲೆ ಪಕ್ಕದ ಹೆಂಗಸಿಗೂ ಹೇಳಿದೆ. ನಾನು ಓದಿದ್ದು ಮೂರನೇ ಕ್ಲಾಸು. ಮಗಳು ಜಯಂತಿ ಹತ್ತನೆಯದು. ಅವಳ ಮಗಳು ರಕ್ಷಿತಾ ಎಂ.ಎ. ಓದುತ್ತಿದ್ದಾಳೆ. ಹೀಗಿರುವಾಗ ಸುಮ್ಮನೆ ಕೂರುವುದು ಹೇಗೆ ಮಾರಾಯ್ರೆ?

ಆದರೆ ಮನಸ್ಸಿನಲ್ಲಿ ಒಂದು ಸಿಟ್ಟೂ ಇತ್ತು. ನಾವು ಮಾಣಿಯ ಆರು ಹೆಂಗಸರು ಕೇಟರಿಂಗಿನ ದಿನೇಶನ ಕೈಕೆಳಗೆ ದುಡಿಯುವವರು. ಮದುವೆ, ಗೃಹಪ್ರವೇಶ ಎಂದರೆ ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು, ಬಡಿಸುವುದು, ಕೊನೆಗೆ ಪಾತ್ರೆ ತಿಕ್ಕುವುದು, ಎಲ್ಲ ನಮ್ಮದೇ. ದಿನಕ್ಕೆ ಐನೂರು. ಬರುವ ಭಾನುವಾರ ಒಂದು ಮದುವೆ ಉಂಟು, ಈ ಸಲ ನೂರು ಜಾಸ್ತಿ ಕೊಡು ಎಂದು ಹಿಂದಿನ ದಿನ ಕೇಳಿದ್ದೆವು. "ರೇಟು ಎಲ್ಲ ಕಡೆ ಒಂದೇ ಅಕ್ಕ. ಬೇಕಾದ್ರೆ ಹೋಗಿ ವಿಚಾರಿಸಿ" ಎಂದು ನಗಾಡಿಕೊಂಡು ಹೋಗಿದ್ದ.

ಪಾಣೆಮಂಗಳೂರಿನ ಸೇತುವೆ ದಾಟುವಾಗ ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಬಿ.ಸಿ. ರೋಡಿನಲ್ಲಿ ಇಳಿದು ಎರಡು ಬನ್ಸ್ ತಿಂದು ಚಾ ಕುಡಿದೆ. ಅಲ್ಲಿಂದ ಧರ್ಮಸ್ಥಳದ ಬಸ್ಸು, ಅದೂ ಸರ್ಕಾರಿ, ಅದಕ್ಕೂ ಸೊನ್ನೆ ಟಿಕೆಟು. ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಜಯಂತಿ ಹೊಸ ಸೀರೆ ಉಟ್ಟು ಕಾಯುತ್ತಿದ್ದಳು. ಮಳೆ ಹೊಡೆದು ನೆರಿಗೆಯೆಲ್ಲ ಒದ್ದೆಯಾಗಿತ್ತು.

ಅಲ್ಲಿಂದ ಮುಂದೆ ಖಾಸಗಿ ಬಸ್ಸು. ಕಂಡಕ್ಟರ್ ಬಂದಾಗ ಅಭ್ಯಾಸದಿಂದ ಕಾರ್ಡು ನೀಡಿದೆ. "ಅದನ್ನು ಒಳಗಿಡಿ ಅಜ್ಜಿ. ಇಲ್ಲಿ ನೋಟು ಮಾತ್ರ ನಡೀತದೆ" ಎಂದ. ಒಬ್ಬರಿಗೆ ಅರುವತ್ತು. ನನಗೆ ಸಿಟ್ಟು ಬಂತು. ರಾಜ್ಯ ಒಂದೇ, ಕಾರ್ಡು ಒಂದೇ, ಹೆಂಗಸೂ ಅವಳೇ. ಬೆಳ್ತಂಗಡಿಯವರೆಗೆ ನಡೆದದ್ದು ಅಲ್ಲಿಂದ ಮುಂದೆ ಯಾಕೆ ನಡೆಯುವುದಿಲ್ಲ? ಈ ರಸ್ತೆಗೆ ಸರ್ಕಾರಿ ಬಸ್ಸೇ ಅಪರೂಪವಂತೆ. ಅಪರೂಪ ಮಾಡಿದ್ದು ಯಾರು ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಜಯಂತಿ ನನ್ನ ಕೈ ಚಿವುಟಿ, "ಅಮ್ಮ, ಇವತ್ತು ಭಾಷಣ ರಕ್ಷಿತಾಳದ್ದು, ನಿಮ್ಮದಲ್ಲ" ಎಂದಳು. ವೇಣೂರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಸಭಾಂಗಣವನ್ನು ಎ.ಸಿ. ಹಾಕಿ ತಣ್ಣಗೆ ಮಾಡಿದ್ದರು. ಮೂರು ಮಂದಿ ಮಾತಾಡಿದ ಮೇಲೆ ನಮ್ಮ ಹುಡುಗಿಯನ್ನು ಕರೆದರು. ಮೈಕಿನ ಮುಂದೆ ನಿಂತವಳು ಹೆದರಲೇ ಇಲ್ಲ. ಯುರೋಪಿನಲ್ಲಿ ಎಷ್ಟೋ ದೇಶಗಳು ಸೇರಿ ಒಂದೇ ಹಣ ಇಟ್ಟುಕೊಂಡಿವೆಯಂತೆ, ಹೆಸರು ಯುರೋ. ಹಣ ಒಂದೇ ಆದರೆ ಬಡ ದೇಶ ಮೆಲ್ಲಮೆಲ್ಲ ಶ್ರೀಮಂತ ದೇಶದ ಹತ್ತಿರ ಬರುತ್ತದೆ ಎಂದು ಎಣಿಸಿದ್ದರಂತೆ. ಕೆಲವು ಬಂದವು. ಕೆಲವು ಹತ್ತಿರ ಬಂದ ಹಾಗೆ ಕಂಡು ಆಮೇಲೆ ಹಿಂದೆ ಬಿದ್ದವು, ಅಲ್ಲಿ ಕೂಲಿ ಇಳಿಸಿದರು, ಪ್ರಾಯದ ಹುಡುಗರು ಊರು ಬಿಟ್ಟರು. ಇಷ್ಟು ನನಗೆ ಅರ್ಥವಾಯಿತು. ಕೊನೆಗೆ ಅವಳು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಸಮ ಆಗುವುದು ಎರಡು ರೀತಿ. ಕೆಳಗಿನವರು ಮೇಲೆ ಬರಬಹುದು, ಮೇಲಿನವರು ಕೆಳಗೆ ಇಳಿಯಬಹುದು. ಯಾವುದು ಎಂದು ಹಣ ತಾನಾಗಿ ತೀರ್ಮಾನ ಮಾಡುವುದಿಲ್ಲ." ಮುಗಿಯುವ ಮೊದಲೇ ನಾನು ಚಪ್ಪಾಳೆ ಹೊಡೆದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ. ನನ್ನ ಮೊಮ್ಮಗಳು.

ಊಟಕ್ಕೆ ಹೋದರೆ ಬಡಿಸುವ ಹೆಂಗಸರೆಲ್ಲ ನಮ್ಮದೇ ಹಸಿರು ಏಪ್ರನ್ನಿನಲ್ಲಿ. ದಿನೇಶನ ಆರ್ಡರು! ನನಗೆ ಅನ್ನ ಹಾಕಿದವಳು ಶಿರ್ತಾಡಿಯ ಸುಮಿತ್ರ. ನಾನೂ ಅವನ ಕೆಲಸದವಳೇ ಎಂದು ಪರಿಚಯ ಹೇಳಿ, ದಿನಕ್ಕೆ ಎಷ್ಟು ಎಂದು ಕೇಳಿದೆ. ಏಳುನೂರು, ಬಸ್ಸಿನ ದುಡ್ಡು ಬೇರೆ ಎಂದಳು. ನಮಗೆ ಮಾಣಿಯಲ್ಲಿ ಐನೂರೇ, ಹಾಗಾದರೆ ನಾವೂ ಇಲ್ಲಿಗೇ ಬರ್ತೇವೆ ಎಂದೆ. ಅವಳ ಮುಖ ಸಣ್ಣದಾಯಿತು. ಸಾರಿನ ಬಕೆಟು ಕೆಳಗಿಟ್ಟು ಮೆಲ್ಲಗೆ ಹೇಳಿದಳು, "ನೀವು ಐನೂರಕ್ಕೆ ಇಲ್ಲಿಗೂ ಬರ್ತೀರಿ ಅಂತ ಅವನಿಗೆ ಗೊತ್ತಾದ್ರೆ ನಾಳೆಯಿಂದ ನಮಗೂ ಐನೂರೇ, ಅಕ್ಕ."

ಅವಳು ಹೇಳಿದ್ದು ಸುಳ್ಳಲ್ಲ. ಕೈ ತೊಳೆದು ನೇರ ಪಾಯಸದ ಪಾತ್ರೆಯ ಹತ್ತಿರ ನಿಂತಿದ್ದ ದಿನೇಶನಲ್ಲಿಗೆ ಹೋದೆ. ಮಾಣಿಯ ಮದುವೆಯವರಿಂದ ಊಟದ ಎಲೆಗೆ ಇಷ್ಟು ಎಂದು ತೆಗೆದುಕೊಳ್ಳುವಾಗ ಇಲ್ಲಿಗಿಂತ ಕಡಿಮೆ ತೆಗೆದುಕೊಳ್ತೀಯಾ ಎಂದು ಕೇಳಿದೆ. ಇಲ್ಲವಂತೆ. ಕಾಯಿ ಇಲ್ಲಿಯದ್ದು ಗಟ್ಟಿ, ಅಲ್ಲಿಯದ್ದು ಮೆತ್ತಗೆ ಉಂಟಾ ಎಂದೆ. ಅವನಿಗೆ ನಾಚಿಕೆಯೂ ಆಗಲಿಲ್ಲ. "ಇಲ್ಲಿ ಕಡಿಮೆ ಕೊಟ್ರೆ ಹಾಸ್ಟೆಲಿನ ಅಡಿಗೆಮನೆಗೆ ಹೋಗ್ತಾರೆ ಅಕ್ಕ. ಮಾಣಿಯಲ್ಲಿ ನಿಮ್ಮನ್ನು ಬೇರೆ ಯಾರು ಕರೀತಾರೆ?"

ಅಂದರೆ ಅವನು ಕೊಡುವುದು ಕೆಲಸಕ್ಕಲ್ಲ. ಹೋಗಲಿಕ್ಕೆ ಬೇರೆ ದಾರಿ ಇಲ್ಲದವರಿಗೆ ಕಡಿಮೆ, ದಾರಿ ಇದ್ದವರಿಗೆ ಜಾಸ್ತಿ, ಅಷ್ಟೇ ಅವನ ಲೆಕ್ಕ. ನಾನು ಹೇಳಿದೆ, "ನಾವು ಇಲ್ಲಿಗೆ ಬರುವುದಿಲ್ಲ. ಇಲ್ಲಿನ ರೇಟು ಮಾಣಿಗೆ ಬರಲಿ. ಇಲ್ಲದಿದ್ರೆ ಭಾನುವಾರ ಕಾಯಿ ನೀನೇ ತುರಿ."

ರಕ್ಷಿತಾ ಪ್ರಮಾಣಪತ್ರ ಹಿಡಿದುಕೊಂಡು ಫೋಟೋ ತೆಗೆಯುವ ಎಂದು ನನ್ನನ್ನು ಎಳೆದಳು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನು ಮಾತ್ರ ಜಗಳಕ್ಕೆ ಹೊರಟವಳ ಹಾಗೆ ಕಾಣುತ್ತೇನೆ. ಏನು ನಡೆಯಿತೆಂದು ಅವಳಿಗೆ ಹೇಳಿದಾಗ ನನ್ನ ಕೆನ್ನೆಗೆ ಕೆನ್ನೆ ಒತ್ತಿ, ಇದನ್ನು ಮೊದಲೇ ಹೇಳಿದ್ದರೆ ಭಾಷಣದಲ್ಲಿ ಸೇರಿಸುತ್ತಿದ್ದೆ ಅಜ್ಜಿ ಎಂದಳು. ಆ ಒಂದು ಮಾತಿಗೆ ನನಗೆ ಆ ದಿನ ಮತ್ತೆ ಹಸಿವೆಯೇ ಆಗಲಿಲ್ಲ.

ಜಯಂತಿ ಬೆಳ್ತಂಗಡಿಯ ಬಸ್ಸು ಹತ್ತಿದಳು. ನಾನು ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬಂದೆ. ಮಳೆ ಬಿಟ್ಟಿತ್ತು. ಪೇಟೆಯ ಹತ್ತಿರ ಬರುವಾಗ ದಿನೇಶನ ಫೋನು ಬಂತು. ಆಗಲಿ ಅಕ್ಕ, ಭಾನುವಾರದಿಂದ ನಿಮಗೆ ಏಳುನೂರು ಎಂದ. ಉಳಿದ ಐವರಿಗೆ ಎಂದು ಕೇಳಿದೆ. ಅವನು ಸ್ವರ ತಗ್ಗಿಸಿ, "ನಿಮಗೆ ಮಾತ್ರ. ಬೇರೆ ಯಾರಿಗೂ ಹೇಳ್ಬೇಡಿ" ಎಂದ.

ಅದಕ್ಕೇ ಈ ಪ್ರಯಾಣವನ್ನು ಇಷ್ಟುದ್ದ ಬರೆದು ಪತ್ರಿಕೆಗೆ ಕೊಟ್ಟದ್ದು. ಮಾಣಿಯಲ್ಲಿ ಇದನ್ನು ಓದಿದವರು ಓದಲು ಬಾರದವರಿಗೂ ಗಟ್ಟಿಯಾಗಿ ಓದಿ ಹೇಳಿ.