ವಿಮಾನಕ್ಕೆ ಕಾದ ಎಡೆ

ನಮ್ಮ ಭಾವ ಜವರಪ್ಪ ಈವರೆಗೆ ವಿಮಾನ ಹತ್ತಿದವರಲ್ಲ. ಆದರೂ ಕೂಡಿಗೆಯ ಅವರ ಮನೆಯಲ್ಲಿ ಊಟ, ನಿದ್ದೆ, ಹಬ್ಬ ಎಲ್ಲ ನಡೆಯುವುದು ವಿಮಾನದ ಟೈಮಿಗೆ. ಭಾವನದು ಬಾಡಿಗೆ ಕಾರು. ಕುಶಾಲನಗರ, ಸೋಮವಾರಪೇಟೆ ಕಡೆಯವರನ್ನು ಬೆಂಗಳೂರಿನ ಏರ್‌ಪೋರ್ಟಿಗೆ ಬಿಡುವುದು, ಅಲ್ಲಿಂದ ಕರೆತರುವುದು ಅವರ ಕಸುಬು. ಬಿಡುವುದೇನೋ ಸುಲಭ. ಕರೆತರುವುದಿದೆಯಲ್ಲ, ಅದು ಬರೀ ಕಾಯುವ ಕೆಲಸ.

ಅದಕ್ಕೆ ಭಾವ ಮಾಡಿಕೊಂಡಿರುವ ಏರ್ಪಾಡು ನೋಡಬೇಕು. ಡಿಕ್ಕಿಯಲ್ಲಿ ಚಾಪೆ, ಪಂಚೆ, ಡಬ್ಬಿ ತುಂಬ ಹುರಿಗಡಲೆ. ಮನೆಗೆ ಬರುವ ಹೊತ್ತನ್ನೂ ಅರ್ಧ ದಿನ ಸೇರಿಸಿಯೇ ಹೇಳುತ್ತಾರೆ. ಹಾಳು ವಿಮಾನ ಅದನ್ನೂ ಮೀರಿಸುತ್ತದೆ. ಅವರ ತಾಯಿ ಚಲುವಮ್ಮನಂತೂ ಮಗ ಬರುವ ತನಕ ಒಂದು ತುತ್ತು ಮುಟ್ಟುತ್ತಿರಲಿಲ್ಲ. ಮುದ್ದೆ ಕಲ್ಲಾದರೂ ಸರಿ, ತಟ್ಟೆ ಮುಚ್ಚಿಟ್ಟು ಜಗಲಿಯಲ್ಲಿ ಕೂತಿರುತ್ತಿದ್ದರು.

ಹೋದ ವರ್ಷ ಆಕೆ ತೀರಿಕೊಂಡಾಗಲೂ ಭಾವ ಏರ್‌ಪೋರ್ಟಿನಲ್ಲಿ ಯಾರದೋ ತಡವಾದ ವಿಮಾನ ಕಾಯುತ್ತಿದ್ದರು. ಅವ್ವನ ಬಾಯಿಗೆ ನೀರು ಬಿಡಲೂ ಆಗಲಿಲ್ಲ. ಆ ಸಂಕಟ ಅವರಿಗೆ ಇನ್ನೂ ಇಳಿದಿಲ್ಲ.

ಈ ಸಲ ಮಹಾಲಯ ಅಮಾವಾಸ್ಯೆಗೆ ಅವ್ವನಿಗೆ ಮೊದಲ ಎಡೆ. ಆಕೆಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಹೊಸ ಸೀರೆ ಇಟ್ಟು, ದೀಪ ಹಚ್ಚುವ ಹೊತ್ತಿನೊಳಗೆ ಮಗ ಧೂಪ ಹಾಕಬೇಕು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು, ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಅಂತ. ಅಲ್ಲಿಯವರೆಗೆ ಬೇರೆ ಯಾರೂ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಇದನ್ನು ತಪ್ಪಿಸಿಕೊಳ್ಳುವುದಿಲ್ಲ ಅಂತ ಭಾವ ಶಪಥ ಮಾಡಿದ್ದರು.

ಸೋಮವಾರಪೇಟೆಯ ಕಾಫಿ ವ್ಯಾಪಾರಿ ಅಭಿಲಾಷ್ ದೆಹಲಿಯಿಂದ ಬರಬೇಕಿದ್ದದ್ದು ಹಬ್ಬದ ಹಿಂದಿನ ದಿನ ಬೆಳಿಗ್ಗೆ. ಇಡೀ ಒಂದು ದಿನ ಕೈಯಲ್ಲಿದೆ ಅಂತ ಭಾವ ಧೈರ್ಯವಾಗಿ ಹೋದರು. ಬೆಳಗಿನ ವಿಮಾನ ಸಂಜೆಗೆ ಹೋಯಿತು, ಸಂಜೆಯದು ಮಾರನೆಯ ದಿನಕ್ಕೆ ಹೋಯಿತು. ಪ್ರತಿ ಸಲವೂ ಕಂಪನಿಯಿಂದ ಅಭಿಲಾಷ್‌ಗೆ ಒಂದು ಮೆಸೇಜು, ಅವರಿಂದ ಭಾವನಿಗೆ, ಭಾವನಿಂದ ನಮಗೆ: ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ. ಆ ವಿಷಾದವನ್ನು ಏನು, ಎಲೆಗೆ ಬಡಿಸುವುದೇ?

ಹಬ್ಬದ ದಿನ ಬೆಳಿಗ್ಗೆ ಹತ್ತಕ್ಕೇ ಮಟನ್ ಸಾರಿನ ಘಮಕ್ಕೆ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಫೋನ್ ಮಾಡಿ, ಆ ಮನುಷ್ಯನಿಗೆ ಬೇರೆ ಗಾಡಿ ಹೇಳಿ ನೀವು ಹೊರಟುಬಿಡಿ ಅಂತ ರೇಗಿದೆ. ಮಾತು ಕೊಟ್ಟಿದ್ದೇನೆ, ಹೇಗೆ ಬಿಟ್ಟು ಬರಲಿ ಅಂದರು. ಮಾತು ಕೊಡುವುದಕ್ಕೆ ಇವರು, ತಪ್ಪುವುದಕ್ಕೆ ವಿಮಾನ! ಕೊನೆಗೆ ಅಕ್ಕ ಶಿವಮ್ಮನ ಹತ್ತಿರ ಹೋಗಿ, ನಿನ್ನ ಮಗ ಕೀರ್ತಿಕುಮಾರನೇ ಧೂಪ ಹಾಕಲಿ, ಮೊಮ್ಮಗನನ್ನು ಚಲುವಮ್ಮನವರು ಬೇಡ ಅನ್ನುತ್ತಾರೆಯೇ ಅಂದೆ.

ಅಕ್ಕ ಒಲೆಯ ಉರಿ ತಗ್ಗಿಸಿದಳು. "ಅತ್ತೆ ಒಂದಿನಾನೂ ಇವ್ರನ್ನ ಬಿಟ್ಟು ಉಂಡೋರಲ್ಲ ಕಣಪ್ಪ. ಇವತ್ತು ಉಂಡಾರಾ?"

ನಾನು ಬಂದು ಜಗಲಿಯಲ್ಲಿ ಕೂತೆ. ಕೂತಿದ್ದು ಚಲುವಮ್ಮ ಕೂರುತ್ತಿದ್ದ ಜಾಗ ಅಂತ ಆಮೇಲೆ ಗೊತ್ತಾಯಿತು.

ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ ಕಾರು ಬಂತು. ಸೋಮವಾರಪೇಟೆಗೆ ಹೋಗುವ ದಾರಿಯಲ್ಲೇ ಮನೆ. ಹಿಂದಿನ ಸೀಟಿನಲ್ಲಿ ಅಭಿಲಾಷ್ ಇದ್ದರು, ಮುಖ ಬಾಡಿಹೋಗಿತ್ತು. ಭಾವ ನೇರ ಬಚ್ಚಲಿಗೆ ಹೋಗಿ ನೀರು ಸುರಿದುಕೊಂಡು ಬಂದರು. ಎಲೆಗೆ ಮುದ್ದೆ ಇಟ್ಟರು, ಸಾರು ಬಿಟ್ಟರು, ಪಕ್ಕದಲ್ಲಿ ಆಕೆಯ ಎಲೆಅಡಿಕೆ ಇಟ್ಟರು. ಧೂಪ ಹಾಕಿದರು. ಬಾಗಿಲು ಮುಚ್ಚಿ ನಾವೆಲ್ಲ ಅಂಗಳಕ್ಕೆ ಬಂದೆವು.

ಸಾಮಾನ್ಯವಾಗಿ ಬಾಗಿಲು ಮುಚ್ಚಿಡುವುದು ಒಂದು ಗಳಿಗೆ ಅಷ್ಟೇ. ಅವತ್ತು ಭಾವ ತೆಗೆಯಲೇ ಇಲ್ಲ. ನನಗೋ ಹಸಿವಿನಿಂದ ಕಣ್ಣು ಕತ್ತಲಿಡುತ್ತಿತ್ತು. ಕಾರಿನಿಂದ ಇಳಿದ ಅಭಿಲಾಷ್ ವಾಚು ನೋಡಿಕೊಂಡು, ಇನ್ನೂ ಎಷ್ಟು ಹೊತ್ತಾಗುತ್ತದೆ ಅಂತ ಕೇಳಿದರು.

ಇಷ್ಟು ವರ್ಷದಲ್ಲಿ ಗಿರಾಕಿಗೆ ಭಾವ ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಅವ್ವ ಉಣ್ತಾವ್ಳೆ ಸಾರ್. ಕಾಯ್ಬೇಕು."