ಅಕ್ಕನ ಗಿಡಕ್ಕೆ ನನ್ನ ಕತ್ತರಿ

ಇವತ್ತು ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಕುಪ್ಪಸದ ಬಟ್ಟೆ ಕೊಟ್ಟು ಹೋದಳು. ಬಿಳಿಯ ಮೇಲೆ ನೀಲಿ ಹೂಗೊಂಚಲು. ಗೆರೆ ಎಳೆದು ಕತ್ತರಿ ಇಟ್ಟರೆ ಅದು ಸರ್ರನೆ ಓಡಲಿಲ್ಲ. ಗೊಂಚಲಿನ ನಟ್ಟನಡುವೆ ನಿಂತು, ಹಲ್ಲಿಲ್ಲದ ಮುದುಕನಂತೆ ಬಟ್ಟೆಯನ್ನು ಜಗಿಯತೊಡಗಿತು. ಬಸವಕಲ್ಯಾಣದಲ್ಲಿ ಇಷ್ಟು ವರ್ಷ ಹೊಲಿಗೆ ಅಂಗಡಿ ಇಟ್ಟಿದ್ದೇನೆ, ನನ್ನ ಕತ್ತರಿಯಲ್ಲಿ ಯಾರೂ ಕುಂದು ಹುಡುಕಿರಲಿಲ್ಲ. ಅದರ ಬಾಯಿ ಹೋದದ್ದು ಹೇಗೆಂದು ಹೇಳುತ್ತೇನೆ. ಆ ಸ್ಟೂಲಿನ ಮೇಲಿನ ಪ್ಯಾಂಟುಗಳನ್ನು ಅತ್ತ ಸರಿಸಿ ಕೂತುಕೊಳ್ಳಿ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಓದು ಕಡಿಮೆಯಾದವನಿಗೆ ಒಂದು ಅನುಕೂಲವಿದೆ. ಗೊತ್ತಿರುವುದು ಒಂದೇ ವಿದ್ಯೆಯಾದ್ದರಿಂದ ಅದನ್ನೇ ಎಲ್ಲದಕ್ಕೂ ಹಚ್ಚಿ ನೋಡಬಹುದು. ಹುಮನಾಬಾದಿನಲ್ಲಿರುವ ನನ್ನ ಅಕ್ಕನ ಅಂಗಳದ ಗುಲಾಬಿಯನ್ನು ಒಮ್ಮೆ ಮೊಣಕಾಲೆತ್ತರಕ್ಕೆ ಸಮ ಮಾಡಿದೆ. ಅದು ಮೈತುಂಬ ಹೂ ಬಿಟ್ಟಿತು. ಗುಲಾಬಿಯ ಸ್ವಭಾವವೇ ಹಾಗೆಂದು ನನಗೇನು ಗೊತ್ತು? ನನ್ನ ಕೈಗುಣವೆಂದುಕೊಂಡೆ. ಮನೆಯವರೂ ಹಾಗೇ ಅಂದರು. ಅಂದಿನಿಂದ ಪ್ರತಿವರ್ಷ ಚಳಿಗಾಲದ ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿ, ಮುಗಿದ ಮರುದಿನ ಭಜ್ಜಿ, ಸಜ್ಜೆರೊಟ್ಟಿ ಕಟ್ಟಿಕೊಂಡು, ಜೊತೆಗೊಂದು ಹಳೆಯ ಕತ್ತರಿ ಹಿಡಿದುಕೊಂಡು ಅಕ್ಕನ ಮನೆಗೆ ಹೋಗುವುದು ರೂಢಿಯಾಯಿತು. ಬುತ್ತಿಯನ್ನು ಅವರು ಉಣ್ಣುತ್ತಿದ್ದರು, ಗಿಡಗಳನ್ನು ನಾನು ಕತ್ತರಿಸುತ್ತಿದ್ದೆ. ದರ್ಜಿಯ ಕಣ್ಣು ಕೆಟ್ಟದ್ದು ನೋಡಿ, ಒಂದು ಕಡ್ಡಿ ಎತ್ತರ, ಒಂದು ಗಿಡ್ಡ ಇದ್ದರೆ ಅದಕ್ಕೆ ಸಹಿಸಲಾಗುವುದಿಲ್ಲ.

ಒಂದು ಮಳೆಗಾಲ ಅಕ್ಕ ತನ್ನ ಸಂಘದ ಹೆಂಗಸರ ಜೊತೆ ಮಹಾಬಳೇಶ್ವರಕ್ಕೆ ಹೋದವಳು ಒಂದು ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಹೈಡ್ರೇಂಜಿಯಾ. ತಲೆಯಷ್ಟು ದೊಡ್ಡ ನೀಲಿ ಹೂ ಬಿಡುತ್ತದೆ, ಅದು ನನ್ನ ಅಂಗಳದಲ್ಲೂ ಬೇಕು ಎಂದು ಎರಡೂ ಕೈಯಗಲಿಸಿ ತೋರಿಸಿದಳು. ಅಕ್ಕ ಬಾಯಿಬಿಟ್ಟು ಏನನ್ನಾದರೂ ಬೇಕೆಂದದ್ದನ್ನು ನಾನು ಅದೊಂದು ಸಲವೇ ಕೇಳಿದ್ದು.

ನಮ್ಮ ಬಿಸಿಲಲ್ಲಿ ಆ ಗಿಡವನ್ನು ಸಾಕುವುದೆಂದರೆ ಮುನಿಸಿಕೊಂಡ ಬೀಗರನ್ನು ಮನೆಯಲ್ಲಿಟ್ಟುಕೊಂಡಂತೆ. ಬಚ್ಚಲ ಗೋಡೆಯ ನೆರಳಿನಲ್ಲಿ ನೆಟ್ಟು, ಬೇಸಿಗೆಯಲ್ಲಿ ಗೋಣಿತಾಟು ಕಟ್ಟಿ, ತರಕಾರಿ ತೊಳೆದ ನೀರನ್ನೂ ಬಿಡದೆ ಅದಕ್ಕೇ ಹಾಕುತ್ತಿದ್ದಳು. ಮಧ್ಯಾಹ್ನ ಎಲೆಗಳು ಒದ್ದೆ ಟವೆಲಿನಂತೆ ಜೋತುಬೀಳುತ್ತಿದ್ದವು, ಸಂಜೆ ನೀರು ಕುಡಿದು ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಿದ್ದವು. ಚಳಿಗಾಲಕ್ಕೆ ಎಲೆ ಉದುರಿ ಬರೀ ಕಂದು ಕಡ್ಡಿ. ನಾನು ಹೋಗುತ್ತಿದ್ದದ್ದು ಸರಿಯಾಗಿ ಆಗಲೇ. ಒಣಗಿದಂತೆ ಕಂಡ ಕಡ್ಡಿಗಳನ್ನೆಲ್ಲ ಗೇಣುದ್ದಕ್ಕೆ ಸಮ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಅಂಗಿಯ ಅಂಚು ನೋಡುವಂತೆ ನೋಡಿ ಮೆಚ್ಚಿಕೊಳ್ಳುತ್ತಿದ್ದೆ.

ಮೂರು ವರ್ಷ ಗಿಡ ಎಲೆಯನ್ನಷ್ಟೇ ಬಿಟ್ಟಿತು. ಅಕ್ಕನ ಅತ್ತೆ ಅದಕ್ಕೆ ಗೋಬಿ ಗಿಡ, ಅಂದರೆ ಎಲೆಕೋಸು, ಎಂದು ಹೆಸರಿಟ್ಟರು. ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ನಮ್ಮ ಸೊಸಿ ಮಹಾಬಳೇಶ್ವರದಿಂದ ತಂದಾಳ್ರಿ, ಎರಡು ಕೊಡ ನೀರು ಕುಡೀತದ, ಬರೀ ಎಲಿ ತೋರಸ್ತದ, ಅನ್ನುತ್ತಿದ್ದರು. ಅಕ್ಕನ ಗಂಡನ ಮನೆಯವರು ನಗುತ್ತಿದ್ದರು. ಅವರಿಗಿಂತ ಜೋರಾಗಿ ನಾನು ನಗುತ್ತಿದ್ದೆ. ಪೇಟೆಯವರು ನಿನಗೆ ಟೋಪಿ ಹಾಕಿದ್ದಾರೆ ಎಂದು ಅಕ್ಕನಿಗೆ ತಿಳಿ ಹೇಳಿದವನೂ ನಾನೇ. ಆಕೆ ಗೋಣಿತಾಟು ಸರಿಮಾಡುತ್ತಿದ್ದಳು.

ಮೂರನೆಯ ಬೇಸಿಗೆಯಲ್ಲಿ ಮಾಣಿಕನಗರದ ಕಡೆ ನರ್ಸರಿ ಇಟ್ಟಿರುವ ಚಾಚಾ ಒಬ್ಬರು ಪೈಜಾಮ ಹೊಲಿಸಲು ಅಂಗಡಿಗೆ ಬಂದರು. ಅವರನ್ನು ನಗಿಸಲೆಂದು ಅಕ್ಕನ ಗಿಡದ ಕಥೆ ಹೇಳಿದೆ. ಅವರು ನಗಲಿಲ್ಲ.

“ಯಾವಾಗ ಕತ್ತರಿ ಹಚ್ಚತೀರಿ?”

“ಎಳ್ಳಮಾಸಿ ಮುಗಿದ ಕೂಡ್ಲೆ, ಚಾಚಾ.”

“ಮತ್ತ ಹೂ ಎಲ್ಲಿಂದ ಬರ್ಬೇಕ್ರಿ? ಅದರ ಮೊಗ್ಗಿ ಹಳಿ ಕಡ್ಡಿ ತುದಿಯೊಳಗ ಮೊದಲೇ ಕುಂತಿರ್ತಾವ. ನೀವು ವರ್ಷಾ ವರ್ಷಾ ಹೋಗಿ ಅದರ ತಲೀನೇ ತಗದು ಬರಾಕತ್ತೀರಿ.”

ಹೂ ಬಾಡಿದ ಮೇಲೆ ಅದರ ಕೆಳಗಷ್ಟೇ ಚೂರು ಕತ್ತರಿಸಬೇಕು, ಚಳಿಗಾಲದಲ್ಲಿ ಸತ್ತ ಕಡ್ಡಿ ಬಿಟ್ಟರೆ ಬೇರೇನನ್ನೂ ಮುಟ್ಟಬಾರದು ಎಂದೂ ಹೇಳಿದರು. ನಾನು ತಲೆಯಾಡಿಸಿ ಅವರ ಸೊಂಟದ ಅಳತೆ ಬರೆದುಕೊಂಡೆ. ಆ ಪೈಜಾಮ ಒಂದು ಬೆರಳು ಬಿಗಿಯಾಯಿತು.

ಇಲ್ಲಿಯವರೆಗಿನದು ದಡ್ಡತನ. ಅದಕ್ಕೆ ಕ್ಷಮೆಯಿದೆ. ನಾಲ್ಕನೆಯ ಎಳ್ಳಮಾಸಿಗೆ ಮತ್ತೆ ಹೋದೆ. ಅಕ್ಕ ಕಡ್ಡಿ ಹಿಡಿದುಕೊಂಡು, ಈ ಸಲ ಎಷ್ಟು ತೆಗೆಯುತ್ತೀ ಎಂದಳು. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕತ್ತರಿಸದೆ ಬಿಟ್ಟರೆ ಹೂ ಬರುತ್ತದೆ. ಬಂದರೆ ಮೂರು ವರ್ಷ ಬಾರದಂತೆ ಮಾಡಿದವನು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಕಡ್ಡಿಯ ತುದಿಯಲ್ಲಿ ಜೋಳದ ಕಾಳಿನಷ್ಟು ಗಾತ್ರದ ಮೊಗ್ಗು ನನಗೆ ಚೆನ್ನಾಗಿ ಕಂಡಿತು. ಕಂಡೇ ಕತ್ತರಿಸಿದೆ. ಹಿಂದಿನ ಯಾವ ವರ್ಷವೂ ಅಷ್ಟು ನೀಟಾಗಿ ಕತ್ತರಿಸಿರಲಿಲ್ಲ.

ಆ ಬೇಸಿಗೆಯಲ್ಲಿ ನೀರಿಗೆ ಬಹಳ ತತ್ವಾರವಾಯಿತು. ಆ ಜಾಗದಲ್ಲಿ ಕರಿಬೇವು ನೆಟ್ಟರೆ ಒಗ್ಗರಣೆಗಾದರೂ ಬರುತ್ತದೆಂದರು ಅತ್ತೆ. ಮಳೆ ಬಿದ್ದ ಮೇಲೆ ಅಕ್ಕ ಗಿಡವನ್ನು ಮಣ್ಣುಸಮೇತ ಅಗೆದು, ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟಳು. “ನಿನ್ನ ಕಡೆ ಆದ್ರೂ ಬದಕ್ಲಿ, ತಮ್ಮಾ,” ಅಂದಳು. ಬಸ್ಸಿನಲ್ಲಿ ಅದನ್ನು ಕಾಲ ಬಳಿ ಇಟ್ಟುಕೊಂಡಿದ್ದೆ. ನನ್ನ ಮಡಿಲಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಅಂಗಡಿಯ ಹಿಂದಿನ ನೆರಳಿನ ಕೆಂಪುಮಣ್ಣಿನಲ್ಲಿ ನೆಟ್ಟೆ. ಎಳ್ಳಮಾಸಿ ಬಂತು, ಹೋಯಿತು. ಕತ್ತರಿ ಹಚ್ಚಲಿಲ್ಲ. ಈ ವರ್ಷ ಮೊದಲ ಮಳೆಗೆ ಏಳು ಗೊಂಚಲು ಬಿಟ್ಟಿತು. ಅಕ್ಕ ಕೈಯಗಲಿಸಿ ತೋರಿಸಿದಷ್ಟೇ ದೊಡ್ಡವು. ಹೋದ ವಾರ ಆಕೆ ಕುಪ್ಪಸ ಹೊಲಿಸಲು ಬರುತ್ತೇನೆಂದು ಫೋನ್ ಮಾಡಿದಾಗ ನನಗೆ ಬಂದ ಮೊದಲ ಯೋಚನೆ, ಆಕೆ ಬರುವಷ್ಟರಲ್ಲಿ ಏಳನ್ನೂ ಕತ್ತರಿಸಿ ಎಮ್ಮೆಗೆ ಹಾಕಿಬಿಡುವುದು. ಎಮ್ಮೆ ಪಕ್ಕದ ಮನೆಯದು. ಅದು ನನಗಿಂತ ಮರ್ಯಾದಸ್ಥ ಪ್ರಾಣಿಯೆಂದು ಸುಮ್ಮನಾದೆ.

ಅಕ್ಕ ಹೂಗಳ ಮುಂದೆ ಬಹಳ ಹೊತ್ತು ನಿಂತಳು. ನಾನು ಚಾಚಾ ಹೇಳಿದ್ದನ್ನೆಲ್ಲ ಹೇಳಿದೆ. ತಿಳಿಯದೆ ತಪ್ಪಾಯಿತೆಂದು ಕಣ್ಣೊರೆಸಿಕೊಂಡೆ. ಆಕೆ ಕೇಳಿದಳು.

“ಚಾಚಾ ಯಾವಾಗ ಹೇಳಿದ್ರು?”

“ಮೂರನೇ ಬ್ಯಾಸಗಿಗಿ.”

ಅಕ್ಕ ಬೆರಳು ಮಡಚಿ ಎಣಿಸಿದಳು. “ಮತ್ತ ನಾಕನೇ ಎಳ್ಳಮಾಸಿಗಿ ಕಡ್ಡಿ ಹಿಡಕೊಂಡು ನಿಂತಾಕಿ ನಾ. ಕತ್ತರಿ ಹಚ್ಚಿದಾಂವ ಯಾರು?”

ಆಕೆ ಅಂಗಡಿಯೊಳಗೆ ಹೋಗಿ ಮೇಜಿನ ಮೇಲಿದ್ದ ಬಟ್ಟೆಯ ಕತ್ತರಿ ತಂದಳು. ಆ ಕತ್ತರಿಯಲ್ಲಿ ನಾನು ಕಾಗದವನ್ನೂ ಕತ್ತರಿಸಿದವನಲ್ಲ, ಹೆಂಡತಿ ಮುಟ್ಟಿದರೂ ಕೂಗಾಡುವವನು. ಅಕ್ಕ ಅದರಿಂದ ಏಳು ಗೊಂಚಲನ್ನೂ, ಸರಿಯಾಗಿ ಹೂವಿನ ಕೆಳಗೆ, ಒಂದೊಂದಾಗಿ ಕಟ್ ಕಟ್ ಎಂದು ಕತ್ತರಿಸಿದಳು. ಪೇಪರಿನಲ್ಲಿ ಸುತ್ತಿದಳು. “ನಮ್ಮ ಅತ್ತಿಯವರಿಗಿ ತೋರಸ್ತೀನಿ. ಯಾರು ಮಾಡಿದ್ದಂತನೂ ಹೇಳ್ತೀನಿ,” ಅಂದಳು. ಗಿಡ ಕತ್ತರಿಸುವ ಹಳೆಯ ಕತ್ತರಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಎಳ್ಳಮಾಸಿಗೆ ಬರುವುದಾದರೆ ಬುತ್ತಿಯನ್ನಷ್ಟೇ ತರಬೇಕಂತೆ. ಕುಪ್ಪಸದ ಅಳತೆ ಕೊಡದೆ ಬಸ್ಸು ಹತ್ತಿದಳು.

ಬಟ್ಟೆಯ ಕತ್ತರಿಯ ಬಾಯಿ ಹೋದದ್ದು ಹೀಗೆ. ಸಾಣೆ ಹಿಡಿಯುವವನು ಈ ವಾರ ಎರಡು ಸಲ ಬೀದಿಯಲ್ಲಿ ಕೂಗಿಕೊಂಡು ಹೋದ. ನಾನು ಕರೆಯಲಿಲ್ಲ. ಹೀಗೇ ಇರಲಿ, ನನಗೆ ತಕ್ಕ ಶಿಕ್ಷೆ ಎಂದು ದೊಡ್ಡ ಮನುಷ್ಯನಂತೆ ಕೂತಿದ್ದೆ. ಈಗ ನೋಡಿ, ಆ ಹೆಣ್ಣುಮಗಳ ನೀಲಿ ಹೂವಿನ ಬಟ್ಟೆಯ ಅಂಚು ನೂಲುನೂಲಾಗಿ ಹರಿದಿದೆ. ತಪ್ಪು ನನ್ನದು, ಹರಿದದ್ದು ಇನ್ನೊಬ್ಬರದು. ನನ್ನ ಹಳೆಯ ಚಾಳಿ ಹೋಗಿಲ್ಲ.

ಅಗೋ, ಸಾಣೆಯವನ ಕೂಗು ಕೇಳುತ್ತಿದೆ. ಒಂದು ನಿಮಿಷ ಕೂತಿರಿ. ಕತ್ತರಿ ಕೊಟ್ಟು ಬರುತ್ತೇನೆ. ಆಮೇಲೆ ಆ ಹೆಣ್ಣುಮಗಳ ಮನೆಗೆ ಹೋಗಿ, ಬಟ್ಟೆ ಕೆಡಿಸಿದವನು ನಾನೇ ಎಂದು ಹೇಳುವುದಿದೆ.